ಬೇಲಿಯೊಳಗಿನ ಮೋಜು, ಬೇಲಿಯಿಲ್ಲದ ಬೆಟ್ಟ

ಮಲೆನಾಡಿನ ಶಾಲೆಗಳಲ್ಲಿ ಡಿಸೆಂಬರ್ ತಿಂಗಳ ಪ್ರವಾಸವೆಂದರೆ ಬಹುಕಾಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದೇ ಇತ್ತು. 2005ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯ ಬಳಿ ವಂಡರ್‌ಲಾ ಆರಂಭವಾದ ಮೇಲೆ ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿತು. ಘಟ್ಟದ ಊರುಗಳ ಮಕ್ಕಳೂ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಿ, ಅಲೆಯೇಳುವ ಕೊಳದಲ್ಲಿ ಇಳಿದು, ಮರಳಿ ಬಂದು ವಾರಗಟ್ಟಲೆ ಅದರ ಕಥೆ ಹೇಳಿದ್ದುಂಟು. ಆದ್ದರಿಂದ ಬೆಂಗಳೂರಿನ ಹೊರವಲಯದ ಮೋಜಿನ ಉದ್ಯಾನವೊಂದು ಯಾವಾಗ ಮುಚ್ಚಿತು, ಯಾವಾಗ ತೆರೆಯಿತು ಎಂಬುದು ಗುಡ್ಡದ ಮೇಲಿನವರಿಗೆ ಸಂಬಂಧವಿಲ್ಲದ ಸಂಗತಿಯಲ್ಲ. ಆದರೆ ಸಂಬಂಧವಿರುವುದು ಶಾಲಾ ಪ್ರವಾಸದ ಕಾರಣಕ್ಕಷ್ಟೇ ಅಲ್ಲ. 2020 ಮತ್ತು 2021ರಲ್ಲಿ ಆ ಉದ್ಯಾನದ ಬಾಗಿಲು ಮುಚ್ಚಿದ್ದಾಗ ಮಲೆನಾಡಿನ ಬಾಗಿಲು ಏನಾಯಿತು ಎಂಬ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಲಿಲ್ಲ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. 2020ರ ಮಾರ್ಚ್ 12ರಂದು ಕಲಬುರಗಿಯ ವೃದ್ಧರೊಬ್ಬರ ಸಾವು ಕೋವಿಡ್‌ನಿಂದಲೇ ಸಂಭವಿಸಿದ್ದೆಂದು ದೃಢಪಟ್ಟಿತು. ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು ಅದು. ಮರುದಿನವೇ ರಾಜ್ಯ ಸರಕಾರ ಮಾಲು, ಚಿತ್ರಮಂದಿರ, ವಸ್ತುಪ್ರದರ್ಶನ ಮುಂತಾದವನ್ನು ಒಂದು ವಾರ ಮುಚ್ಚಿಸುವುದಾಗಿ ಪ್ರಕಟಿಸಿತು. ಒಂದು ವಾರ! ಮಾರ್ಚ್ 25ರಿಂದ ಇಡೀ ದೇಶಕ್ಕೇ ಬೀಗ ಬಿದ್ದಿತು. ಮೇ 30ರಂದು ಕೇಂದ್ರ ಗೃಹ ಸಚಿವಾಲಯವು ಬೀಗ ತೆಗೆಯುವ ಕ್ರಮವನ್ನು ಮೂರು ಹಂತಗಳಾಗಿ ವಿಂಗಡಿಸಿತು. ದೇವಸ್ಥಾನ, ಹೋಟೆಲು, ಮಾಲುಗಳಿಗೆ ಜೂನ್ 8 ಎಂಬ ಖಚಿತ ದಿನಾಂಕ ದೊರೆಯಿತು. ಮೆಟ್ರೊ, ಚಿತ್ರಮಂದಿರ, ವ್ಯಾಯಾಮಶಾಲೆ, ಈಜುಕೊಳ ಹಾಗೂ ಮನರಂಜನಾ ಉದ್ಯಾನಗಳು ಮೂರನೆಯ ಹಂತಕ್ಕೆ ಹೋದವು. ಪರಿಸ್ಥಿತಿಯನ್ನು ಅವಲೋಕಿಸಿ ಅವುಗಳ ದಿನಾಂಕವನ್ನು ಮುಂದೆ ನಿರ್ಧರಿಸಲಾಗುವುದೆಂದಷ್ಟೇ ಆದೇಶದಲ್ಲಿತ್ತು. ಯಾವ ಪರಿಸ್ಥಿತಿ, ಯಾವ ಅಳತೆಗೋಲಿನಿಂದ ಅವಲೋಕನ ಎಂಬುದು ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ತಿಂಗಳ ಕೊನೆಗೂ ಒಂದೊಂದು ಆದೇಶ ಹೊರಬಿತ್ತು. ಪ್ರತಿಯೊಂದರಲ್ಲೂ ಯಾರಿಗೋ ಒಬ್ಬರಿಗೆ ಬಿಡುಗಡೆ. ಆಗಸ್ಟ್ 5ರಿಂದ ವ್ಯಾಯಾಮಶಾಲೆಗೆ, ಸೆಪ್ಟೆಂಬರ್ 7ರಿಂದ ಮೆಟ್ರೊಗೆ. ಮನರಂಜನಾ ಉದ್ಯಾನಗಳ ಹೆಸರು ಮಾತ್ರ ನಿಷೇಧದ ಸಾಲಿನಿಂದ ಕದಲಲಿಲ್ಲ. ಸೆಪ್ಟೆಂಬರ್ 30ರ ಆದೇಶದಲ್ಲಿ ಕೊನೆಗೂ ಅಕ್ಟೋಬರ್ 15 ಎಂಬ ದಿನಾಂಕ ಬಂದಿತು. ಅದರ ಬೆನ್ನಿಗೆ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ದೇಹದ ಉಷ್ಣಾಂಶ ಪರೀಕ್ಷೆ, ಮುಖಗವುಸು, ಆರಡಿ ಅಂತರ, ಜನ ಮುಟ್ಟುವ ಜಾಗಗಳ ಶುದ್ಧೀಕರಣ ಎಲ್ಲವೂ ಅದರಲ್ಲಿದ್ದವು. ಬಿಡದಿಯ ಉದ್ಯಾನ ತೆರೆದದ್ದು ನವೆಂಬರಿನಲ್ಲಿ. (ಅದೇ ನವೆಂಬರ್ 10ರಂದು ಅದೇ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಆಡಳಿತವರ್ಗ ಲಾಕೌಟ್ ಘೋಷಿಸಿತು. ಒಂದು ಗೇಟು ತೆರೆಯುವ ತಿಂಗಳಲ್ಲೇ ಇನ್ನೊಂದು ಮುಚ್ಚಿತು. ಆ ಕಥೆಗೆ ಬೇರೆಯೇ ಲೇಖನ ಬೇಕು.) ಐದಾರು ತಿಂಗಳೊಳಗೆ ಎರಡನೆಯ ಅಲೆ ಬಂದಪ್ಪಳಿಸಿ ಮತ್ತೆ ಬೀಗ. 2021ರ ಜುಲೈ ಕೊನೆಯ ವಾರದಲ್ಲಿ ರಾಜ್ಯ ಸರಕಾರ ಉದ್ಯಾನಗಳನ್ನು ತೆರೆಯಲು ಅನುಮತಿ ಕೊಟ್ಟಿತು, ಆದರೆ ನೀರಿನ ಆಟಗಳನ್ನು ಬಿಟ್ಟು. ನೀರಾಟಕ್ಕೇ ಹೆಸರಾದ ಜಾಗಕ್ಕೆ ನೀರಿಲ್ಲದ ಅನುಮತಿ! 2022ರ ಜನವರಿಯಲ್ಲಿ ಮೂರನೆಯ ಅಲೆಯ ವಾರಾಂತ್ಯದ ಕರ್ಫ್ಯೂ. ವಾರಾಂತ್ಯವನ್ನೇ ನಂಬಿದ ಉದ್ಯಮಕ್ಕೆ ಅದೂ ಒಂದು ಬಗೆಯ ಬೀಗವೇ.

ಮುಚ್ಚಿದ್ದು ತಪ್ಪೆಂದು ಯಾರೂ ಹೇಳಲಾರರು. ಹೊಸ ರೋಗ, ಅದರ ನಡೆ ವಿಜ್ಞಾನಿಗಳಿಗೇ ಪೂರ್ಣವಾಗಿ ತಿಳಿದಿರಲಿಲ್ಲ. ಆಕ್ಷೇಪವಿರುವುದು ದಿನಾಂಕ ತಡವಾದದ್ದಕ್ಕೆ ಅಲ್ಲ, ದಿನಾಂಕದ ಹಿಂದಿನ ಆಧಾರವನ್ನು ಹೇಳದೆ ಹೋದದ್ದಕ್ಕೆ. ಅಪಾಯ ಬೇರೆ, ಅನಿಶ್ಚಿತತೆ ಬೇರೆ. ಅಡಿಕೆ ಬೆಳೆಗಾರನಿಗೆ ಕೊಳೆರೋಗ ಬರಬಹುದೆಂಬುದು ಅಪಾಯ; ಅದಕ್ಕೆ ಅವನಲ್ಲಿ ಉಪಾಯವಿದೆ. ಮೈಲುತುತ್ತ, ಸುಣ್ಣ ತಂದಿಟ್ಟು, ಮರ ಹತ್ತುವವರಿಗೆ ಹೇಳಿಟ್ಟು, ಆಕಾಶ ನೋಡುತ್ತಾನೆ. ಮಳೆಗೆ ಮೊದಲೊಂದು ಸಿಂಪರಣೆ, ಮಳೆ ಬಿಡದಿದ್ದರೆ ಹೊಳವಾದ ದಿನ ನೋಡಿ ಇನ್ನೊಂದು. ಕ್ಯಾಲೆಂಡರ್ ನೋಡಿ ಬೋರ್ಡೊ ಹೊಡೆಯುವ ಬೆಳೆಗಾರನಿಲ್ಲ. ಆದರೆ ಏನನ್ನು ನೋಡಬೇಕೆಂಬುದು ಅವನಿಗೆ ಗೊತ್ತಿದೆ. ಉದ್ಯಾನದ ಜಾರುಬಂಡಿಯ ಬುಡದಲ್ಲಿ ನಿಲ್ಲುವ ಕಾವಲಿನ ಹುಡುಗ, ಸ್ನಾನಗೃಹ ತೊಳೆಯುವ ಹೆಂಗಸು, ಗೇಟಿನ ಹೊರಗೆ ಎಳನೀರು ಕೊಚ್ಚುವವನು, ಇವರಿಗೆ ನೋಡಲು ಯಾವ ಆಕಾಶವೂ ಇರಲಿಲ್ಲ. ತಿಂಗಳ ಕೊನೆಯ ಆದೇಶವೊಂದೇ ಇತ್ತು.

ಇದೇ ಕಾಲದಲ್ಲಿ ಡಿಸ್ನಿ ಕಂಪನಿಯ ಉದ್ಯಾನಗಳು ಶಾಂಘೈಯಲ್ಲಿ 2020ರ ಮೇ ತಿಂಗಳಲ್ಲಿ, ಫ್ಲಾರಿಡಾದಲ್ಲಿ ಜುಲೈಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2021ರ ಏಪ್ರಿಲ್ 30ರಂದು ತೆರೆದವು. ಒಂದೇ ಹೆಸರು, ಒಂದೇ ಬಗೆಯ ಆಟ, ಒಂದು ವರ್ಷದ ಅಂತರ. ಕ್ಯಾಲಿಫೋರ್ನಿಯಾ ಎಲ್ಲಕ್ಕಿಂತ ತಡಮಾಡಿತು ನಿಜ. ಆದರೆ ಅಲ್ಲಿನ ಸರಕಾರ ತನ್ನ ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ರೋಗದ ಪ್ರಮಾಣದಂತೆ ಬಣ್ಣ ಹಚ್ಚಿ, ಯಾವ ಬಣ್ಣಕ್ಕೆ ಬಂದರೆ ಏನು ತೆರೆಯಬಹುದು ಎಂದು ಬಹಿರಂಗವಾಗಿ ಬರೆದಿಟ್ಟಿತು. ನಿಯಮ ಬಿಗಿಯಾಯಿತೆಂಬ ಜಗಳ ಎದ್ದಿತು, 2021ರ ಮಾರ್ಚಿನಲ್ಲಿ ಅದನ್ನು ಸಡಿಲಿಸಿದ್ದೂ ಆಯಿತು. ಜಗಳವಾಡಲಿಕ್ಕಾದರೂ ಕೈಯಲ್ಲೊಂದು ನಿಯಮವಿತ್ತು.

ಕರ್ನಾಟಕಕ್ಕೆ ಅಂಥ ಅಳತೆಗೋಲು ಗೊತ್ತಿರಲಿಲ್ಲವೆಂದಲ್ಲ. 2021ರ ಜೂನ್ 19ರಂದು ರಾಜ್ಯ ಸರಕಾರ ಜಿಲ್ಲೆಗಳನ್ನು ಸೋಂಕಿನ ಪ್ರಮಾಣದ ಮೇಲೆ ಮೂರು ವರ್ಗ ಮಾಡಿತು. ಪರೀಕ್ಷಿಸಿದ ನೂರು ಮಂದಿಯಲ್ಲಿ ಐವರಿಗಿಂತ ಕಡಿಮೆ ಸೋಂಕಿತರಿದ್ದ 16 ಜಿಲ್ಲೆಗಳು ಮೊದಲ ವರ್ಗ. ಬೆಂಗಳೂರು ನಗರವೂ ರಾಮನಗರವೂ ಅದರಲ್ಲಿದ್ದವು. ಐದರಿಂದ ಹತ್ತರವರೆಗಿನ 13 ಜಿಲ್ಲೆಗಳು ಎರಡನೆಯ ವರ್ಗ. ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಅಲ್ಲಿದ್ದವು. ಈ ಪಟ್ಟಿಯನ್ನು ಮಲೆನಾಡಿನವರು ಇನ್ನೊಮ್ಮೆ ಓದಬೇಕು. ನಗರಕ್ಕಿಂತ ಗುಡ್ಡದಲ್ಲಿ ರೋಗ ಹೆಚ್ಚಾಗಿದ್ದ ತಿಂಗಳು ಅದು. ಆಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದು ವೈದ್ಯಕೀಯ ಕಾಲೇಜೂ ಇರಲಿಲ್ಲ. ಕಳಸ, ಮೂಡಿಗೆರೆಯ ಕಡೆಯವರು ಉಸಿರು ಕಟ್ಟಿದಾಗ ಘಟ್ಟ ಇಳಿದು ಮಂಗಳೂರಿಗೋ ಹಾಸನಕ್ಕೋ ಓಡಬೇಕಿತ್ತು.

ಆ ಹೊತ್ತಿನಲ್ಲೇ ಜನ ಬಂದರು.

ಬಂದವರನ್ನು ದೂಷಿಸುವುದು ಸುಲಭ, ಮತ್ತು ಅನ್ಯಾಯ. ಪೀಣ್ಯದ ಯಂತ್ರಗಳ ಮುಂದೆ ವಾರವಿಡೀ ನಿಂತವನಿಗೆ, ವೈಟ್‌ಫೀಲ್ಡಿನ ಎರಡು ಕೋಣೆಯ ಮನೆಯಲ್ಲಿ ಹದಿನೈದು ತಿಂಗಳು ಗಣಕಯಂತ್ರದೆದುರು ಕುಳಿತವಳಿಗೆ, ಭಾನುವಾರ ಹೋಗಲು ಯಾವ ಜಾಗವಿತ್ತು? ಚಿತ್ರಮಂದಿರವಿಲ್ಲ, ಉದ್ಯಾನವಿಲ್ಲ. ವೈಟ್‌ಫೀಲ್ಡ್ ಹುಟ್ಟಿದ್ದು 1880ರ ದಶಕದಲ್ಲಿ, ಆಂಗ್ಲೋ-ಇಂಡಿಯನ್ನರು ಉಳುಮೆ ಮಾಡಿ ಬದುಕಲೆಂದು ಮೈಸೂರು ಅರಸರು ಕೊಟ್ಟ ಭೂಮಿಯಲ್ಲಿ. ಹೊಲಕ್ಕೆಂದು ಕಟ್ಟಿದ ಊರಿನ ಸುತ್ತ ಈಗ ಹೊಲವಿಲ್ಲ. ಪಕ್ಕದ ವರ್ತೂರು ಕೆರೆ ನೊರೆಯುಗುಳಿ, ಬೆಳ್ಳಂದೂರು ಕೆರೆ ಬೆಂಕಿ ಹೊತ್ತಿ ಪ್ರಪಂಚಕ್ಕೆಲ್ಲ ಸುದ್ದಿಯಾದವು. ಕೆರೆಯ ಏರಿಯ ಮೇಲೆ ಸಂಜೆ ಕೂರುವ ಸುಖವನ್ನು ಕಳೆದುಕೊಂಡ ನಗರ ಮೋಜನ್ನು ಬೇಲಿಯೊಳಗೆ, ಚೀಟಿ ಕೊಟ್ಟು ಕೊಳ್ಳುವುದನ್ನು ಕಲಿಯಿತು. ಆ ಬೇಲಿಯೂ ಮುಚ್ಚಿದಾಗ ಬೇಲಿಯಿಲ್ಲದ ಕಡೆ ನುಗ್ಗಿತು.

2021ರ ಜುಲೈನಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ವಾಹನಗಳು ಜಮಾಯಿಸಿದ ಪರಿಗೆ ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯದ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಮುಳ್ಳಯ್ಯನಗಿರಿಯ ಕಿರಿದಾದ ದಾರಿಯಲ್ಲೂ ಅದೇ ದೃಶ್ಯ, ಅದೇ ಅವಸರದ ಮಿತಿ. ಆಗಸ್ಟ್ ತಿಂಗಳಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆ ಗುಡ್ಡ ಜರಿದು ದಾರಿಯೇ ಕೊಚ್ಚಿಹೋಗಿ, ಬೆಟ್ಟ ಹಲವು ವಾರ ತಾನಾಗಿಯೇ ಮುಚ್ಚಿಕೊಂಡಿತು. ಗುಡ್ಡ ಜರಿದದ್ದು ಪ್ರವಾಸಿಗರಿಂದ ಎಂದು ಹೇಳುವುದು ಸುಳ್ಳಾದೀತು. ಮಳೆ ಆ ಕೆಲಸ ಮಾಡಿತು. ಆದರೆ ಅಂಥ ಮಣ್ಣಿನ ಮೇಲೆ ಅಂಥ ದಿನಗಳಲ್ಲಿ ಎಷ್ಟು ಭಾರ ಇರಬಹುದೆಂದು ಮೊದಲೇ ಕೇಳಿದವರು ಯಾರೂ ಇರಲಿಲ್ಲವೆಂಬುದು ನಿಜ.

ಇಲ್ಲಿ ಮಣ್ಣಿನ ಮಾತನ್ನು ತುಸು ವಿವರವಾಗಿ ಹೇಳಬೇಕು. ಪಶ್ಚಿಮಘಟ್ಟದ ನೆತ್ತಿಯ ಹುಲ್ಲುಗಾವಲು ನೋಡುವವರಿಗೆ ಬೋಳುಗುಡ್ಡ. ಆದರೆ ಅದರ ಕೆಲಸವೆಲ್ಲ ನೆಲದ ಕೆಳಗೆ. ಹುಲ್ಲಿನ ಬೇರುಗಳು ಜಾಲದಂತೆ ಹೆಣೆದು ಮಣ್ಣಿನ ಕಣಗಳ ನಡುವೆ ಸೂಕ್ಷ್ಮ ರಂಧ್ರಗಳನ್ನು ಉಳಿಸಿಕೊಂಡಿರುತ್ತವೆ. ಜುಲೈನ ಮಳೆ ಆ ರಂಧ್ರಗಳಲ್ಲಿ ಇಳಿದು, ಕಣಿವೆಯ ಶೋಲಾ ಕಾಡಿನ ಕೆಳಗೆ ನಿಧಾನವಾಗಿ ಜಿನುಗಿ, ಫೆಬ್ರವರಿ, ಮಾರ್ಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಮಲೆನಾಡಿನ ಒಂಟಿಮನೆಗಳ ದಂಬೆ ನೀರು ಅದೇ. ಒಣಗಿದ ನೆಲದ ಮೇಲೆ ಹತ್ತಾರು ಜನ ನಡೆದರೆ ಹುಲ್ಲು ಮತ್ತೆ ಚಿಗುರುತ್ತದೆ. ನೀರು ತುಂಬಿ ಮೆತ್ತಗಾದ ನೆಲದ ಮೇಲೆ ಬೈಕು, ಜೀಪಿನ ಚಕ್ರ ಹರಿದರೆ ಆ ರಂಧ್ರಗಳು ಒಮ್ಮೆಗೇ ಮುಚ್ಚಿಹೋಗುತ್ತವೆ. ಚಕ್ರದ ಗೆರೆ ಮೊದಲ ಮಳೆಗೆ ಕಾಲುವೆ, ಮುಂದಿನ ಮಳೆಗೆ ಕೊರಕಲು. ಇಳಿಯಬೇಕಾದ ನೀರು ಹರಿದುಹೋಗುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ. ಉದ್ಯಾನದ ಜಾರುಬಂಡಿ ಸವೆದರೆ ಹೊಸದು ತರಿಸಬಹುದು.

ಮತ್ತು ಈ ನೀರು ಮಲೆನಾಡಿನದಷ್ಟೇ ಅಲ್ಲ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ಯಗಚಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಐದನೆಯ ಹಂತದಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನಗರದ ಅಂಚಿನ 110 ಹಳ್ಳಿಗಳಿಗಾಗಿ ಮೇಲೆತ್ತುವ ಯೋಜನೆಯಿದೆ. ಅಂದರೆ ಟ್ಯಾಂಕರಿಗೆ ಕಾದು ಕುಳಿತಿದ್ದ ಅದೇ ಹೊರವಲಯಕ್ಕೆ. ವಾರಾಂತ್ಯದಲ್ಲಿ ಚಕ್ರ ಹರಿಸಿ ಹೋದವನ ನಲ್ಲಿಗೇ ಆ ಹುಲ್ಲಿನ ನೀರು ಹೋಗಬೇಕಾಗಿದೆ.

ಪ್ರವಾಸಿಗರು ಬಾರದಿದ್ದರೆ ಮಲೆನಾಡು ಬದುಕುವುದಿಲ್ಲವೆಂಬ ಮಾತೂ ಇದೆ. ಅದನ್ನು ತಳ್ಳಿಹಾಕಲಾಗದು. ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಸಾಲ ಮಾಡಿ ಹೋಂಸ್ಟೇ ಕಟ್ಟಿದವರಿದ್ದಾರೆ. ಅಡಿಗೆಗೆ ಹೋಗುವ ಹೆಂಗಸರು, ಜೀಪು ಓಡಿಸುವ ಹುಡುಗರು ಇದ್ದಾರೆ. 2020ರಲ್ಲಿ ಇವರೂ ಉದ್ಯಾನದ ಕೆಲಸಗಾರರಂತೆಯೇ ಆದೇಶ ಕಾದು ಕುಳಿತವರು. ಕೆಲವು ಊರುಗಳವರು ರಸ್ತೆಗೆ ಮರ ಅಡ್ಡಹಾಕಿ ಹೊರಗಿನವರನ್ನು ತಡೆದರು, ಅದೇ ಊರಿನ ಇನ್ನು ಕೆಲವರು ಕರೆದರು. ಅಣ್ಣ ತಮ್ಮಂದಿರ ನಡುವೆಯೇ ಮನಸ್ತಾಪವಾಯಿತು. ನಿರ್ಧಾರಕ್ಕೆ ಆಧಾರವೊಂದನ್ನು ಊರೇ ಕೂಡಿ ಮೊದಲೇ ಬರೆದಿಟ್ಟಿದ್ದರೆ ಆ ಜಗಳದ ಅರ್ಧಭಾಗವಾದರೂ ತಪ್ಪುತ್ತಿತ್ತು.

ಆಮೇಲೆ ಕೆಲವು ಕ್ರಮಗಳು ಬಂದಿವೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ಬಳಿಕ ಅರಣ್ಯ ಇಲಾಖೆ ಮುಂಗಡ ನೋಂದಣಿಯಿಲ್ಲದ ಚಾರಣವನ್ನು ನಿಲ್ಲಿಸಿತು. ನಂತರ ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರಿನಿಂದ ಮುಂಗಡ ನೋಂದಣಿ, ಬೆಳಗ್ಗೆ ಮಧ್ಯಾಹ್ನ ಎಂಬ ಎರಡು ಪಾಳಿ. ಇವು ಸ್ವಾಗತಾರ್ಹ. ಆದರೆ ಎರಡೂ ಎಣಿಕೆಯ ಮಿತಿಗಳು, ಉದ್ಯಾನದ ಚೀಟಿಯಂತೆ. ಏಪ್ರಿಲ್ ತಿಂಗಳ 300 ಮಂದಿಯೂ, ಎಂಟು ದಿನ ಬಿಡದೆ ಸುರಿದ ಮಳೆಯ ಮರುದಿನದ 300 ಮಂದಿಯೂ ಮಣ್ಣಿಗೆ ಒಂದೇ ಅಲ್ಲ. ಬೇಕಾಗಿರುವುದು ನೆಲದ ಸ್ಥಿತಿಯನ್ನೂ ಊರಿನ ಆಸ್ಪತ್ರೆಯ ಸ್ಥಿತಿಯನ್ನೂ ನೋಡಿ ಬಾಗಿಲು ಹಾಕುವ, ತೆಗೆಯುವ ನಿಯಮ. ಅದನ್ನು ಬೆಂಗಳೂರಿನಲ್ಲಿ ಕುಳಿತವರು ಬರೆಯಬೇಕಾಗಿಲ್ಲ. ಗ್ರಾಮಸಭೆ ಬರೆದು ಜಿಲ್ಲಾಡಳಿತದ ಮುಂದಿಡಬಹುದು, ಹೋಂಸ್ಟೇಯವರಿಗೂ ಮಳೆಗಾಲಕ್ಕೆ ಮೊದಲೇ ಅದು ತಿಳಿದಿರುತ್ತದೆ.

ಅದಕ್ಕೆ ಬೇಕಾದ ಅಂಕಿಗಳೂ ಕೈಯಳತೆಯಲ್ಲಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ತಾವಾಗಿಯೇ ಮಳೆಯ ಲೆಕ್ಕವನ್ನು ಕೇಂದ್ರಕ್ಕೆ ಕಳುಹಿಸುತ್ತವೆ. ಮೂರು ದಿನಗಳ ಒಟ್ಟು ಮಳೆ ಎಷ್ಟು ಮಿಲಿಮೀಟರ್ ದಾಟಿದರೆ ತಮ್ಮ ಊರಿನ ಗುಡ್ಡದ ದಾರಿಗೆ ವಾಹನ ಬಿಡಬಾರದು ಎಂಬ ಅಂಕಿಯನ್ನು, ಹಿಂದೆ ಎಲ್ಲೆಲ್ಲಿ ಯಾವ ಮಳೆಗೆ ಕೊರಕಲು ಬಿದ್ದಿತ್ತು ಎಂಬ ಹಿರಿಯರ ನೆನಪಿನೊಂದಿಗೆ ಹೋಲಿಸಿ ಕಂಡುಕೊಳ್ಳುವುದು ಪಿಯುಸಿ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ. ಮೇ ತಿಂಗಳ ರಜೆಯಲ್ಲಿ ಅದನ್ನು ಮುಗಿಸಿದರೆ ಜೂನ್‌ನ ಗ್ರಾಮಸಭೆಗೆ ಸಿದ್ಧವಾಗಿರುತ್ತದೆ.