ಚೇತರಿಕೆ ಅಳೆಯೋದು ಯಾವ ಸೇರಿನಲ್ಲಿ?

ಕೊರೋನಾ ವರ್ಷ ಭಾರತ ಶೇಕಡಾ 1.9 ಬೆಳೆಯುತ್ತದೆ ಅಂತ 2020ರ ಏಪ್ರಿಲ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಹೇಳಿತು. ಅಕ್ಟೋಬರಿನಲ್ಲಿ ಅದೇ ನಿಧಿ, 10.3 ಕುಸಿತ ಅಂದಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 5.8ರ ಕುಸಿತ. ಮರುವರ್ಷ 9.7 ಏರಿಕೆ. 'ಚೇತರಿಕೆ' ಅಂದರು. ಆದರೆ 100 ಇದ್ದದ್ದು 94ಕ್ಕಿಳಿದು 103ಕ್ಕೆ ಬಂದದ್ದು, ಅಷ್ಟೆ.

ಈ ಲೆಕ್ಕದಲ್ಲಿ ಮನುಷ್ಯರು ಕಾಣೋದಿಲ್ಲ. ದೇಶದ ದುಡಿಮೆಗಾರರಲ್ಲಿ ಕೃಷಿಯಲ್ಲಿದ್ದವರು 2018-19ರಲ್ಲಿ ಶೇಕಡಾ 42.5, 2020-21ರಲ್ಲಿ 46.5. ಪೇಟೆಯಲ್ಲಿ ಕೆಲಸ ಕಳಕೊಂಡವರಿಗೆ ಆಸರೆಯಾದದ್ದು ಹೊಲ-ಗದ್ದೆ, ನಮ್ಮ ಕುಂಬಾರವಾಡದ ಕಡೆಯಾದರೆ ಗೆಡ್ಡೆ-ಗೆಣಸಿನ ಹಿತ್ತಿಲು. 2023-24ರಲ್ಲೂ ಆ ಪಾಲು 46.1. ಹೊರೆ ಇಳಿದಿಲ್ಲ. ಭೂಮಿಯೇನೂ ಹಿಗ್ಗಲಿಲ್ಲ, ಪಾಲುದಾರರು ಹೆಚ್ಚಿದರು.

ಮುಂದಿನ ಸಲ ಭವಿಷ್ಯ ಹೇಳುವವರು ಇದನ್ನೂ ಹೇಳಲಿ: ಊರಿಗೆ ಬಂದವರಲ್ಲಿ ಎಷ್ಟು ಮಂದಿಗೆ ಮತ್ತೆ ಕೆಲಸ ಸಿಕ್ಕೀತು? ನಾವೂ ಅದನ್ನೇ ಕೇಳೋಣ.