ತವಕ್ಕುಲ್‌ನ ಹೆಸರಿನಲ್ಲಿ ಮಕ್ಕಳ ಬಾಯಿ ಮುಚ್ಚಿಸದಿರೋಣ

ಅದು 2020ರ ಮಳೆಗಾಲ. ಕುಂದಾಪುರ ತಾಲೂಕಿನ ನಮ್ಮ ಮಸೀದಿಯ ಜಗಲಿಯಲ್ಲಿ, ಅಸ್ರ್ ನಮಾಝಿನ ಬಳಿಕ, ಅಂತಿಮ ವರ್ಷದ ಪದವಿ ವಿದ್ಯಾರ್ಥಿಯೊಬ್ಬ ನಮ್ಮ ಬಳಿ ಬಂದು ಕುಳಿತ. “ಉಸ್ತಾದ್, ಎರಡು ತಿಂಗಳಿಂದ ನಿದ್ದೆಯಿಲ್ಲ. ಪುಸ್ತಕ ತೆರೆದರೆ ಎದೆ ಬಿಗಿಯುತ್ತದೆ. ನಮಾಝಿಗೆ ನಿಂತರೂ ಮನಸ್ಸು ನಿಲ್ಲುವುದಿಲ್ಲ” ಎಂದ. ನಾವು ಅವನಿಗೆ ಕೆಲವು ದಿಕ್ರ್‌ಗಳನ್ನು ಹೇಳಿಕೊಟ್ಟು, ಸಹನೆಯ ಮಹತ್ವವನ್ನು ವಿವರಿಸಿ, ಬೆನ್ನು ತಟ್ಟಿ ಕಳುಹಿಸಿದೆವು. ಅವನು ತಲೆಯಾಡಿಸಿ ಹೋದ. ಮತ್ತೆ ಬರಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕುಳಿತುಕೊಳ್ಳಲೇ ಇಲ್ಲವೆಂಬುದು, ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬರಲಿಲ್ಲವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ನಾವು ಹೇಳಿಕೊಟ್ಟ ದಿಕ್ರ್‌ನಲ್ಲಿ ತಪ್ಪಿರಲಿಲ್ಲ. ಮಾತನ್ನು ಅಲ್ಲಿಗೇ ಮುಗಿಸಿದ್ದು ತಪ್ಪು. ಈ ಬರಹವು ಆ ತಪ್ಪಿನ ಒಪ್ಪಿಗೆಯೂ ಹೌದು, ಅದೇ ತಪ್ಪನ್ನು ಇಂದಿಗೂ ಧರ್ಮನಿಷ್ಠೆಯೆಂದು ಭಾವಿಸಿರುವವರೊಂದಿಗಿನ ವಾದವೂ ಹೌದು.

ಆ ದಿನಗಳನ್ನು ನೆನಪಿಸಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದವು. ಪಾಠವು ಮೊಬೈಲಿಗೆ ಬಂತು. ಬೈಂದೂರಿನ ಘಟ್ಟದ ತಪ್ಪಲಿನ ಊರುಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು. ಮೂವರು ಮಕ್ಕಳಿರುವ ಮನೆಯಲ್ಲಿ ಒಂದೇ ಫೋನು, ಅದೂ ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಯ ಕೈಗೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳ ಅಡುಗೆ ಒಲೆ ಉರಿಯುವುದು ಮುಂಬಯಿಯ ಹೋಟೆಲು ಮತ್ತು ಗಲ್ಫಿನ ಸಂಬಳದಿಂದ. ಹೋಟೆಲುಗಳು ಮುಚ್ಚಿದವು. ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿಳಿಯಿತು. ಕೆಲಸ ಕಳೆದುಕೊಂಡು ಊರಿಗೆ ಮರಳಿದವರನ್ನು ನೆರೆಹೊರೆಯವರು ರೋಗವನ್ನೇ ಹೊತ್ತು ತಂದವರಂತೆ ನೋಡಿದರು. ಮುಂದಿನ ಸೆಮಿಸ್ಟರಿನ ಶುಲ್ಕ ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ಮಕ್ಕಳು ಕೇಳಲಿಲ್ಲ, ನುಂಗಿಕೊಂಡರು.

ಪರೀಕ್ಷೆ ಇದೆಯೋ ಇಲ್ಲವೋ ಎಂಬುದೇ ತಿಂಗಳುಗಟ್ಟಲೆ ತಿಳಿಯಲಿಲ್ಲ. ಅಂತಿಮ ವರ್ಷದವರು ಪರೀಕ್ಷೆ ಬರೆಯಲೇಬೇಕೆಂದು ಯುಜಿಸಿ ಜುಲೈಯಲ್ಲಿ ಹೇಳಿತು, ಸುಪ್ರೀಂ ಕೋರ್ಟು ಆಗಸ್ಟ್ 28ರಂದು ಅದನ್ನು ಎತ್ತಿಹಿಡಿಯಿತು. ನವೆಂಬರ್ 17ಕ್ಕೆ ರಾಜ್ಯದ ಪದವಿ ಕಾಲೇಜುಗಳ ಬಾಗಿಲು ತೆರೆಯಿತು, 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆಯೊಂದಿಗೆ ಮತ್ತೆ ಮುಚ್ಚಿತು. ನಮ್ಮ ಮಕ್ಕಳ ಹೆಗಲಿಗೆ ಇನ್ನೊಂದು ಹೊರೆಯೂ ಇತ್ತು. ತಬ್ಲೀಗಿನ ಹೆಸರೆತ್ತಿ ಇಡೀ ಸಮುದಾಯವನ್ನೇ ರೋಗ ಹರಡುವವರೆಂದು ಕರೆದ ಸಂದೇಶಗಳು ಅವರ ಸಹಪಾಠಿಗಳ ಗುಂಪುಗಳಲ್ಲೇ ಹರಿದಾಡಿದವು. ಎರಡು ವರ್ಷಗಳ ಈ ಬಳಲಿಕೆ ಆರುವ ಮುನ್ನವೇ, 2022ರ ಫೆಬ್ರವರಿಯಲ್ಲಿ, ಕುಂದಾಪುರದ ಕಾಲೇಜು ಗೇಟಿನ ಹೊರಗೆ ನಮ್ಮ ಹೆಣ್ಣುಮಕ್ಕಳು ಹಿಜಾಬಿನ ಕಾರಣಕ್ಕೆ ನಿಂತುಕೊಳ್ಳಬೇಕಾಯಿತು. ಆ ಹುಡುಗಿಯರ ಹಕ್ಕಿನ ಕುರಿತು ನಾವು ಬಹಳ ಮಾತಾಡಿದೆವು. ಅವರಿಗೆ ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಿದವರೆಷ್ಟು ಮಂದಿ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ, ದೇಶದಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳು 2020ರಲ್ಲಿ 12,526, 2021ರಲ್ಲಿ 13,089. ಆತ್ಮಹತ್ಯೆ ಹರಾಮ್ ಎಂಬುದು ನಮ್ಮ ಮಕ್ಕಳಿಗೆ ಗೊತ್ತು. ಹರಾಮ್ ಎಂದು ಸಾರುವುದರಿಂದಲೇ ನಮ್ಮ ಕರ್ತವ್ಯ ಮುಗಿಯುವುದಾದರೆ, ಒಂದು ಜೀವವನ್ನು ಉಳಿಸುವುದನ್ನು ಇಡೀ ಮನುಕುಲವನ್ನು ಉಳಿಸುವುದಕ್ಕೆ ಕುರ್‌ಆನ್ ಹೋಲಿಸಿದ್ದೇಕೆ?

ಈಗ ನಮ್ಮವರ ವಾದಗಳನ್ನು ನೋಡೋಣ.

ಮೊದಲನೆಯದು: ಈಮಾನ್ ದುರ್ಬಲವಾದವನಿಗೆ ಮಾತ್ರ ಮನಸ್ಸು ಕೆಡುತ್ತದೆ. ಹಾಗಾದರೆ ಮಗ ಯೂಸುಫರ ಅಗಲಿಕೆಯಲ್ಲಿ ದುಃಖಿಸಿ ದುಃಖಿಸಿ ಕಣ್ಣು ಬೆಳ್ಳಗಾದ ಯಾಕೂಬ್(ಅ)ರ ಈಮಾನ್ ದುರ್ಬಲವಾಗಿತ್ತೇ? ಹೆರಿಗೆಯ ನೋವಿನಲ್ಲಿ, ಒಂಟಿತನದಲ್ಲಿ, ಇದಕ್ಕಿಂತ ಮೊದಲೇ ಸತ್ತಿದ್ದರೆ ಒಳ್ಳೆಯದಿತ್ತೆಂದು ನುಡಿದ ಮರ್ಯಮ್(ಅ)ರನ್ನು ಕುರ್‌ಆನ್ ಗದರಿಸಿತೇ? ಇಲ್ಲ. ಅವರ ಕಾಲಬುಡದಲ್ಲಿ ನೀರನ್ನೂ, ತಲೆಯ ಮೇಲಿನ ಮರದಲ್ಲಿ ಖರ್ಜೂರವನ್ನೂ ತೋರಿಸಿತು. ಅಂದರೆ ಉಪದೇಶಕ್ಕೆ ಮುನ್ನ ಆರೈಕೆ ಬಂತು. ಖದೀಜಾ(ರ) ಮತ್ತು ಅಬೂತಾಲಿಬ್ ಇಬ್ಬರನ್ನೂ ಪ್ರವಾದಿ(ಸ) ಕಳೆದುಕೊಂಡ ವರ್ಷವನ್ನು ನಮ್ಮ ಇತಿಹಾಸವು ದುಃಖದ ವರ್ಷವೆಂದೇ ಕರೆಯುತ್ತದೆ. ಆ ಹೆಸರನ್ನು ಯಾರೂ ಮರೆಮಾಚಲಿಲ್ಲ. ಕಳವಳದಿಂದಲೂ ದುಃಖದಿಂದಲೂ ಅಲ್ಲಾಹನಲ್ಲಿ ಅಭಯ ಬೇಡುವ ದುಆವನ್ನು ಪ್ರವಾದಿ(ಸ) ಕಲಿಸಿದರು. ಇಲ್ಲದ ಕಾಯಿಲೆಗೆ ದುಆ ಕಲಿಸುತ್ತಾರೆಯೇ?

ಎರಡನೆಯದು: ಮನೋವೈದ್ಯರ ಬಳಿ ಹೋಗುವುದು ತವಕ್ಕುಲ್‌ಗೆ ವಿರುದ್ಧ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಲು ಹೇಳಿದ ಹದೀಸನ್ನು ನಾವು ಜುಮಾ ಪ್ರವಚನಗಳಲ್ಲಿ ಎಷ್ಟು ಸಲ ಹೇಳಿಲ್ಲ! ಸಾಂಕ್ರಾಮಿಕ ಹಬ್ಬಿದ ಶಾಮ್ ನಾಡಿನ ಗಡಿಯಿಂದ ಹಿಂದಿರುಗಿದ ಉಮರ್(ರ)ರನ್ನು, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಎಂಬರ್ಥದ ಉತ್ತರ ಕೊಟ್ಟರು. ಕೊರೋನಾ ಕಾಲದಲ್ಲಿ ನಾವೂ ಇದೇ ಮಾದರಿಯನ್ನು ಎತ್ತಿ ತೋರಿಸಿದೆವು. 2020ರ ರಮಝಾನಿನಲ್ಲಿ ತರಾವೀಹ್ ಮನೆಯಲ್ಲೇ ನಡೆಯಿತು, ಈದ್ ನಮಾಝ್ ಮನೆಯಲ್ಲೇ ನಡೆಯಿತು. ಆಮೇಲೆ ಲಸಿಕೆಗೆ ಸಾಲು ನಿಂತೆವು. ಶ್ವಾಸಕೋಶದ ರೋಗಕ್ಕೆ ಮಸೀದಿಯ ಬಾಗಿಲನ್ನೇ ಮುಚ್ಚಲು ಒಪ್ಪಿದ ನಾವು, ಮನಸ್ಸಿನ ರೋಗಕ್ಕೆ ಆಸ್ಪತ್ರೆಯ ಬಾಗಿಲು ತಟ್ಟಲು ಏಕೆ ಹಿಂಜರಿಯುತ್ತೇವೆ? ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವಾಗ ನೆನಪಾಗದ ತವಕ್ಕುಲ್, ಮಗನ ನಿದ್ದೆಗೆಟ್ಟಾಗ ಮಾತ್ರ ನೆನಪಾಗುವುದು ತವಕ್ಕುಲ್ ಅಲ್ಲ, ಸಂಕೋಚ.

ಇದು ಪಾಶ್ಚಾತ್ಯರ ವಿದ್ಯೆ ಎನ್ನುವವರು ನಮ್ಮದೇ ಚರಿತ್ರೆಯನ್ನು ಓದಲಿ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ, ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ ಎಂದು ಬರೆದರು. ಕಾರಣ ತಿಳಿದಿರುವ ದುಃಖವನ್ನೂ, ಕಾರಣವೇ ತಿಳಿಯದೆ ಆವರಿಸುವ ದುಃಖವನ್ನೂ ಬೇರ್ಪಡಿಸಿ ಎರಡಕ್ಕೂ ಬೇರೆ ಚಿಕಿತ್ಸೆ ಸೂಚಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಅದು ನಡೆದದ್ದು ವಕ್ಫ್‌ನ ಹಣದಿಂದ.

ಮೂರನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಬಲವಾದದ್ದು ಅದೇ: ಜನ ಏನೆನ್ನುತ್ತಾರೆ? ಮಗಳಿಗೆ ನಾಳೆ ಸಂಬಂಧ ಬರುವುದು ಹೇಗೆ? ಇಲ್ಲಿ ನಾವು ತಿದ್ದಬೇಕಾದದ್ದು ಮಗಳನ್ನಲ್ಲ, ನಮ್ಮ ನಾಲಿಗೆಯನ್ನು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದನ್ನು ಅವರ ಹಕ್ಕನ್ನಾಗಿಸಿದೆ. ಪರದೂಷಣೆಯನ್ನು ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದ ಗ್ರಂಥದ ಅನುಯಾಯಿಗಳಿಗೆ ಇದಕ್ಕಾಗಿ ಕಾಯ್ದೆಯೇ ಬೇಕಾಗಿರಲಿಲ್ಲ. ಈ ಭಯದ ಸಂದಿಯಲ್ಲೇ ತಾಯಿತದ ವ್ಯಾಪಾರಿಗಳು ನುಸುಳುತ್ತಾರೆ. ಗುಟ್ಟಾಗಿ ಮಾಡಿಕೊಡುತ್ತೇವೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೇಳಿ ಸಾವಿರಗಟ್ಟಲೆ ಕೀಳುತ್ತಾರೆ. ಕುರ್‌ಆನ್ ಓದಿ ದುಆ ಮಾಡುವುದನ್ನು ನಾವು ನಿರಾಕರಿಸುವುದಿಲ್ಲ, ಅದು ಸುನ್ನತ್. ಅದರ ಹೆಸರಿನಲ್ಲಿ ರೋಗಿಯನ್ನು ವೈದ್ಯರಿಂದ ದೂರವಿಡುವುದು ವಂಚನೆ.

ಮಾತ್ರೆ ತಿಂದರೆ ಅದಕ್ಕೇ ಅಂಟಿಕೊಳ್ಳುತ್ತಾರೆ ಎಂಬ ಭಯ ಕೆಲವು ಹೆತ್ತವರಿಗಿದೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಅನೇಕರಿಗೆ ಆಪ್ತ ಸಮಾಲೋಚನೆಯೇ ಸಾಕಾಗುತ್ತದೆ. ಮಾತ್ರೆ ಕೊಟ್ಟರೆ ಎಷ್ಟು ದಿನ, ಹೇಗೆ ನಿಲ್ಲಿಸುವುದು ಎಂದು ವೈದ್ಯರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ಹಾಗಾದರೆ ಏನು ಮಾಡೋಣ? ದಾರಿ ದೂರವೇನಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಉಡುಪಿ, ಮಣಿಪಾಲಗಳಲ್ಲಿ ಮನೋವೈದ್ಯರಿದ್ದಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ 14416. ನಮಾಝಿನ ವೇಳಾಪಟ್ಟಿ ತೂಗುವ ಮಸೀದಿಯ ಗೋಡೆಯಲ್ಲೇ ಈ ಸಂಖ್ಯೆಯೂ ತೂಗಲಿ. ಹೆಣ್ಣುಮಕ್ಕಳ ಮದ್ರಸದಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಲಿ. ವರ್ಷಕ್ಕೆ ಎರಡು ಜುಮಾ ಪ್ರವಚನಗಳನ್ನಾದರೂ ಖತೀಬರು ಈ ವಿಷಯಕ್ಕೆ ಮೀಸಲಿಡಲಿ. ಜಮಾಅತ್ ಕಮಿಟಿಗಳು ಬಡ ವಿದ್ಯಾರ್ಥಿಯ ಡಯಾಲಿಸಿಸ್‌ಗೆ ಕೊಡುವಂತೆಯೇ ಮನೋಚಿಕಿತ್ಸೆಗೂ ನೆರವು ಕೊಡಲಿ.

ಹೆತ್ತವರೇ, ಮಗ ಊಟ ಬಿಟ್ಟರೆ, ಗೆಳೆಯರನ್ನು ಬಿಟ್ಟರೆ, ಬದುಕು ಸಾಕೆಂಬ ಮಾತಾಡಿದರೆ, ಅದನ್ನು ಸೋಮಾರಿತನವೆಂದೋ ನಾಟಕವೆಂದೋ ಕರೆಯಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ಒಂಟಿಯಾಗಿ ಬಿಡಬೇಡಿ. ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ಅಲ್ಲಿ ಸಾಲಿನಲ್ಲಿ ಕುಳಿತಾಗ ತಸ್ಬೀಹ್ ಓದಿ. ಎರಡೂ ಜೊತೆಯಾಗಿ ನಡೆಯಬಲ್ಲವು.

ಕೊರೋನಾ ಹೋಯಿತು, ಅದು ಬಿಟ್ಟುಹೋದ ಭಾರ ಹೋಗಿಲ್ಲ. ಇಂದಿಗೂ ಅಸ್ರ್ ನಮಾಝಿನ ಬಳಿಕ ಯಾರಾದರೂ ಹುಡುಗ ಜಗಲಿಯಲ್ಲಿ ಸುಮ್ಮನೆ ಕುಳಿತರೆ ನಾವು ಬಳಿ ಹೋಗುತ್ತೇವೆ. ಈಗ ಮೊದಲು ಕೇಳಿಸಿಕೊಳ್ಳುತ್ತೇವೆ. ದಿಕ್ರ್ ಹೇಳಿಕೊಡುತ್ತೇವೆ. ಆಮೇಲೆ, ಅಂದು ಕೇಳದೆ ಬಿಟ್ಟ ಮಾತನ್ನು ಕೇಳುತ್ತೇವೆ: ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನಾವೂ ಜೊತೆಗೆ ಬರೋಣವೇ?