ಆಲೂಗಡ್ಡೆಯ ಎಲೆಯೂ ಯಂತ್ರದ ಬುದ್ಧಿಯೂ

ಮುಂಗಾರಿನ ಆಲೂಗಡ್ಡೆಗೆ ಅಂಗಮಾರಿ ರೋಗವು ತಗುಲಿದರೆ ಹೊಲವು ಕೆಲವೇ ದಿನಗಳಲ್ಲಿ ಸುಟ್ಟಂತಾಗುವುದೆಂಬುದನ್ನು ಹಾಸನ, ಹೊಳೆನರಸೀಪುರಗಳ ಕಡೆಯ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾಗಿಲ್ಲ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ನೂಕಿದುದೂ ಇದೇ ರೋಗ. ಎಲೆಯ ಚಿತ್ರವನ್ನು ನೋಡಿ ರೋಗವನ್ನು ಹೆಸರಿಸುವ ಕೃತಕ ಬುದ್ಧಿಮತ್ತೆಯನ್ನು ಶಾಲೆಯಲ್ಲಿಯೇ ಕಟ್ಟಬಾರದೆ? ಕಟ್ಟಬಹುದು, ಕಟ್ಟಲೂಬೇಕು. ಆದರೆ ಹೇಗೆ ಎಂಬುದರಲ್ಲಿ ನಮ್ಮದೊಂದು ಆಗ್ರಹವಿದೆ.

2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಲೂಗಡ್ಡೆಯೂ ಸೇರಿದಂತೆ 14 ಬೆಳೆಗಳ 54,306 ಎಲೆಚಿತ್ರಗಳ ಸಂಗ್ರಹದಿಂದ ಗಣಕಯಂತ್ರಕ್ಕೆ ಪಾಠ ಹೇಳಲಾಯಿತು. ಅದೇ ಸಂಗ್ರಹದಿಂದ ಬೇರೆಯಾಗಿ ತೆಗೆದಿರಿಸಿದ್ದ ಚಿತ್ರಗಳಲ್ಲಿ ಅದು ನೂರಕ್ಕೆ 99ಕ್ಕೂ ಮಿಗಿಲಾಗಿ ಸರಿಯುತ್ತರ ಕೊಟ್ಟಿತು. ಬೇರೆಡೆ ತೆಗೆದ ಚಿತ್ರಗಳನ್ನು ತೋರಿಸಿದಾಗ ಸುಮಾರು 31ಕ್ಕೆ ಇಳಿಯಿತು. ಪಾಠದ ಎಲೆಗಳನ್ನು ಕಿತ್ತು, ಒಂದೇ ಬಣ್ಣದ ಹಾಸಿನ ಮೇಲಿರಿಸಿ ಚಿತ್ರ ತೆಗೆದಿದ್ದರು. ಹೊಲದ ಎಲೆಯ ಮೇಲಾದರೋ ಮಣ್ಣು, ನೆರಳು, ಮಳೆಹನಿ, ಕೀಟ ಕಡಿದ ತೂತು ಎಲ್ಲವೂ ಇರುತ್ತವೆ. ಗೈಡನ್ನು ಬಾಯಿಪಾಠ ಮಾಡಿದ ಹುಡುಗನ ಗತಿಯೇ ಯಂತ್ರಕ್ಕೂ ಆಯಿತು!

ಆದುದರಿಂದ ಸಿದ್ಧ ಯಂತ್ರವೊಂದನ್ನು ತಂದು ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಪಡೆಯುವುದಕ್ಕಿಂತ, ಅಧ್ಯಾಪಕರೊಡನೆ ಹೇಮಾವತಿಯ ಆಸುಪಾಸಿನ ಹೊಲಗಳಿಗೆ ಹೋಗಿ ಚಿತ್ರ ಕೂಡಿಸುವುದು ಮೇಲೆಂದು ನಮ್ಮ ಮತ. ಉಂಗುರದೊಳಗೆ ಉಂಗುರವಿರುವ ಒಣ ಚುಕ್ಕೆ ಬೇರೊಂದು ರೋಗದ್ದು. ಅಂಗಮಾರಿಯಾದರೆ ಚುಕ್ಕೆಯು ನೀರು ಹೀರಿದಂತಿದ್ದು, ತೇವದ ಮುಂಜಾನೆ ಎಲೆಯಡಿಯಲ್ಲಿ ಬಿಳಿಯ ಬೂಷ್ಟು ಕಾಣುವುದು. ಈ ಭೇದವನ್ನು ಬಲ್ಲ ರೈತರನ್ನೂ ಕೃಷಿ ಅಧಿಕಾರಿಗಳನ್ನೂ ಕೇಳಿ ಪ್ರತಿಯೊಂದು ಚಿತ್ರಕ್ಕೂ ರೋಗದ ಹೆಸರನ್ನು ಬರೆಯಬೇಕು. ಯಂತ್ರವು ತಪ್ಪು ಹೇಳಿ, ಔಷಧ ಸಿಂಪಡಿಸುವುದು ಎರಡು ದಿನ ತಡವಾದರೆ ನಷ್ಟವು ರೈತನದು, ಬಹುಮಾನ ಪಡೆದವರದಲ್ಲ. ಮುಂಗಾರಿನ ಬಿತ್ತನೆಯೂ ಶಾಲೆಗಳ ಪುನರಾರಂಭವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುವುದರಿಂದ ಈ ಕೆಲಸವನ್ನು ಜೂನಿನಲ್ಲಿಯೇ ತೊಡಗಬಹುದು.